ಜನ್ನತ್ತಿನ ಹಕ್ಕಿಯೆಂದು ಹಾಡಿ ಮುಗಿಸಬೇಡಿ

ಕಳೆದ ತಿಂಗಳು ನಮ್ಮ ಮನೆಗೆ ಇಬ್ಬರು ಹುಡುಗರು ಬಂದಿದ್ದರು. ಒಳ್ಳೆಯ ಹುಡುಗರು. ಮೊಹಲ್ಲಾದಲ್ಲಿ ರಕ್ತದಾನ ಶಿಬಿರ ನಡೆಸುವವರು, ಬಡವರ ಮಕ್ಕಳಿಗೆ ನೋಟ್‌ಬುಕ್ ಹಂಚುವವರು. ಬರುವ ಜನವರಿಯಲ್ಲಿ ಕಠುವಾದ ಮಗುವಿನ ನೆನಪಿಗೆ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ. ಅದಕ್ಕೊಂದು ಹಾಡು ಬೇಕಂತೆ. "ಕನ್ನಡದಲ್ಲೇ ಇರಲಿ ಆಪಾ, ಎಲ್ಲರಿಗೂ ಮುಟ್ಟಬೇಕು. ಪಲ್ಲವಿಯಲ್ಲಿ ಮಗುವಿನ ಹೆಸರು ಬರಲಿ. ಹಾಡುವಾಗ ಹಿಂದೆ ದೊಡ್ಡ ಪರದೆಯ ಮೇಲೆ ಫೋಟೋ ತೋರಿಸುತ್ತೇವೆ. ಕೇಳಿದವರ ಕಣ್ಣಲ್ಲಿ ನೀರು ಬರಬೇಕು" ಎಂದರು.

ಹೆಸರು ಬರೆಯುವುದಿಲ್ಲ ಎಂದೆವು. ಫೋಟೋ ಹಾಕುವ ವೇದಿಕೆಯಲ್ಲಿ ನಮ್ಮ ಹಾಡು ಬೇಡ ಎಂದೆವು. ಕಣ್ಣೀರು ತರಿಸುವುದಷ್ಟೇ ಉದ್ದೇಶವಾಗಿದ್ದರೆ ಬೇರೆ ಯಾರನ್ನಾದರೂ ಕೇಳಿ ಎಂದೂ ಹೇಳಿದೆವು. ಹುಡುಗರ ಮುಖ ಸಣ್ಣದಾಯಿತು. ಚಹಾ ಕುಡಿದು ಎದ್ದು ನಿಂತ ಮೇಲೆ ಒಬ್ಬ ಬಾಗಿಲಲ್ಲಿ ತಿರುಗಿ, "ನಮ್ಮವರೇ ಹೀಗಂದರೆ ಹೇಗೆ ಆಪಾ? ನಮ್ಮ ಮಗುವಿಗೆ ನಾವೇ ಹಾಡದಿದ್ದರೆ ಇನ್ಯಾರು ಹಾಡುತ್ತಾರೆ?" ಎಂದು ಕೇಳಿದ.

ಆ ಪ್ರಶ್ನೆಗೆ ಬಾಗಿಲಲ್ಲಿ ನಿಂತು ಉತ್ತರ ಕೊಡಲಾಗಲಿಲ್ಲ. ಈಗ ಕೊಡುತ್ತಿದ್ದೇವೆ. ಆ ಹುಡುಗರಿಗೆ ಮಾತ್ರವಲ್ಲ, ಇಂಥ ಹಾಡು ಬರೆಯುವ, ಬರೆಸುವ, ಹಾಡುವ, ಕೇಳಿ ಅಳುವ ಎಲ್ಲರಿಗೂ.

ಮೊದಲು ನಮ್ಮ ತಪ್ಪನ್ನೇ ಹೇಳಿಕೊಳ್ಳೋಣ. 2018ರ ಏಪ್ರಿಲ್‌ನಲ್ಲಿ ಆ ಸುದ್ದಿ ದೇಶವೆಲ್ಲ ಹಬ್ಬಿದಾಗ ನಾವೂ ಒಂದು ಹಾಡು ಬರೆದಿದ್ದೆವು. ತುಂಗಭದ್ರೆಯ ದಂಡೆಯ ನಮ್ಮ ಊರಿನಲ್ಲೂ ಮೇಣದಬತ್ತಿ ಹಿಡಿದು ಮೆರವಣಿಗೆ ಹೊರಟಿತ್ತು. ಕೊನೆಯಲ್ಲಿ ನಮ್ಮ ಹಾಡು ಹಾಡಿಸಿದರು. ಅದರಲ್ಲಿ ಮಗುವಿನ ಹೆಸರು ಏಳು ಸಲ ಬರುತ್ತಿತ್ತು. ಅವಳು ಅರಳದ ಮೊಗ್ಗು, ಗ್ರಹಣ ಹಿಡಿದ ಚಂದ್ರ, ತೋಳದ ಬಾಯಿಗೆ ಬಿದ್ದ ಕುರಿಮರಿ, ಜನ್ನತ್ತಿಗೆ ಹಾರಿದ ಹಕ್ಕಿ. ಜನ ಅತ್ತರು. ಮುಗಿದ ಮೇಲೆ ಹಿರಿಯರೊಬ್ಬರು ಬಂದು, "ಬಹುತ್ ಖೂಬ್, ಹೃದಯ ಹಿಂಡಿಬಿಟ್ಟಿರಿ" ಎಂದು ಮೆಚ್ಚಿಕೊಂಡರು. ಎಂಟು ವರ್ಷದ ಮಗುವಿನ ಕೊಲೆಗೆ ನಮಗೆ ಸಿಕ್ಕಿದ್ದು ಶಹಬ್ಬಾಸ್‌ಗಿರಿ. ಸುಳ್ಳೇಕೆ ಹೇಳಬೇಕು, ಅವತ್ತು ನಮಗೆ ಖುಷಿಯೂ ಆಯಿತು.

ಆ ಕಾಗದ ಇನ್ನೂ ನಮ್ಮ ಬಳಿ ಇದೆ. ಈಗ ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಹಾಡಿನಲ್ಲಿ ಎಲ್ಲವೂ ಇದೆ, ನಡೆದದ್ದು ಮಾತ್ರ ಇಲ್ಲ.

ನಡೆದದ್ದು ಏನು? ಜಮ್ಮುವಿನ ಕಠುವಾ ಜಿಲ್ಲೆಯ ರಸಾನಾ ಎಂಬ ಹಳ್ಳಿ. ಮಗು ಬಕರ್‌ವಾಲ್ ಸಮುದಾಯದ್ದು. ಆಡು ಕುರಿ ಕುದುರೆಗಳೊಂದಿಗೆ ಚಳಿಗಾಲದಲ್ಲಿ ಬಯಲಿಗೆ, ಬೇಸಿಗೆಯಲ್ಲಿ ಬೆಟ್ಟಕ್ಕೆ ಅಲೆಯುವ ಜನ ಅವರು. 1991ರಿಂದ ಪರಿಶಿಷ್ಟ ಪಂಗಡಕ್ಕೆ ಸೇರಿದವರು. 2018ರ ಜನವರಿ 10ರಂದು ಕುದುರೆ ಮೇಯಿಸಲು ಹೋದ ಮಗು ಮರಳಲಿಲ್ಲ. ಜನವರಿ 17ರಂದು ಕಾಡಿನಲ್ಲಿ ಶವ ಸಿಕ್ಕಿತು. ಬಕರ್‌ವಾಲರನ್ನು ಆ ಜಾಗದಿಂದ ಹೆದರಿಸಿ ಓಡಿಸುವುದಕ್ಕಾಗಿ ಮಗುವನ್ನು ಹಿಡಿದಿಟ್ಟು ಅತ್ಯಾಚಾರ ಮಾಡಿ ಕೊಲ್ಲಲಾಯಿತು ಎಂದು ಅಪರಾಧ ದಳದ ಆರೋಪಪಟ್ಟಿ ಹೇಳಿತು. ಆ ಪಟ್ಟಿಯನ್ನು ಸಲ್ಲಿಸಲು ಹೋದಾಗ ಕಠುವಾದ ವಕೀಲರು ನ್ಯಾಯಾಲಯದ ಎದುರಿನಲ್ಲೇ ಅಡ್ಡಗಟ್ಟಿದರು. ಆರೋಪಿಗಳ ಪರವಾಗಿ ನಡೆದ ಸಭೆಯಲ್ಲಿ ಇಬ್ಬರು ಮಂತ್ರಿಗಳು ಭಾಗವಹಿಸಿದ್ದರು, ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಯನ್ನು ಪಂಜಾಬಿನ ಪಠಾಣ್‌ಕೋಟ್‌ಗೆ ವರ್ಗಾಯಿಸಿತು. 2019ರ ಜೂನ್ 10ರಂದು ತೀರ್ಪು ಬಂತು. ಏಳು ಆರೋಪಿಗಳಲ್ಲಿ ಆರು ಮಂದಿ ತಪ್ಪಿತಸ್ಥರು. ಮೂವರಿಗೆ ಜೀವಾವಧಿ. ಸಾಕ್ಷ್ಯ ನಾಶ ಮಾಡಿದ್ದಕ್ಕಾಗಿ ಮೂವರು ಪೊಲೀಸರಿಗೆ ಐದು ವರ್ಷ.

ಇದರಲ್ಲಿ ಮೊಗ್ಗು ಎಲ್ಲಿದೆ? ಚಂದ್ರ ಎಲ್ಲಿದ್ದಾನೆ? ಇಲ್ಲಿರುವುದು ಒಂದು ಸಂಚು, ಮೇವಿನ ನೆಲದ ಜಗಳ, ಸಾಕ್ಷ್ಯ ಅಳಿಸಿದ ಪೊಲೀಸರು, ಕಾನೂನಿಗೇ ಅಡ್ಡ ನಿಂತ ವಕೀಲರು. ಇಷ್ಟನ್ನೂ ಬಿಟ್ಟು 'ತೋಳ' ಎಂದು ಬರೆದೆವು. ತೋಳ ಸಂಚು ಮಾಡುವುದಿಲ್ಲ. ತೋಳಕ್ಕೆ ಲಂಚ ಕೊಡುವ ಅಗತ್ಯವಿಲ್ಲ. ತೋಳನ ಪರವಾಗಿ ಯಾರೂ ಸಭೆ ಕರೆಯುವುದಿಲ್ಲ. ತೋಳ ಎಂದು ಕರೆದ ಕೂಡಲೇ ಮನುಷ್ಯರು ಮಾಡಿದ ಲೆಕ್ಕಾಚಾರವೆಲ್ಲ ಹಾಡಿನಿಂದ ಹೊರಗೆ ಹೋಯಿತು.

ಈಗ ಹೆಸರಿನ ವಿಷಯಕ್ಕೆ ಬರೋಣ. ಹೆಸರು ಹಾಡದಿದ್ದರೆ ಮಗುವನ್ನು ಎರಡನೇ ಸಲ ಕೊಂದಂತೆ ಎನ್ನುವವರಿದ್ದಾರೆ. ಈ ಮಾತಿನಲ್ಲಿ ನೋವಿದೆ, ಅದನ್ನು ಗೌರವಿಸುತ್ತೇವೆ. ಆದರೆ ಒಪ್ಪುವುದಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ವಿಳಾಸ, ಫೋಟೋ, ಮನೆತನ, ಶಾಲೆ ಇವು ಯಾವುದನ್ನೂ ಪ್ರಕಟಿಸುವಂತಿಲ್ಲ ಎಂದು 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ಕಠುವಾದ ಮಗುವಿನ ಗುರುತನ್ನು ಬಯಲು ಮಾಡಿದ ಮಾಧ್ಯಮ ಸಂಸ್ಥೆಗಳಿಗೆ 2018ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ತಲಾ 10 ಲಕ್ಷ ರೂಪಾಯಿ ಕಟ್ಟಲು ಹೇಳಿತು. ಸತ್ತವರಿಗೂ ಮಾನವಿದೆ, ಸತ್ತ ಮೇಲೂ ಹೆಸರು ಹೇಳುವಂತಿಲ್ಲ, ಮನೆಯವರು ಒಪ್ಪಿದರೂ ಅದನ್ನು ತೀರ್ಮಾನಿಸಬೇಕಾದದ್ದು ಸೆಷನ್ಸ್ ನ್ಯಾಯಾಧೀಶರು ಎಂದು ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಕಾನೂನಿಗೆ ಹೆದರಿ ಹೇಳುತ್ತಿದ್ದೇವೆ ಎಂದುಕೊಳ್ಳಬೇಡಿ. ಕಾನೂನು ಇಲ್ಲದಿದ್ದರೂ ನಾವು ಇದನ್ನೇ ಹೇಳುತ್ತಿದ್ದೆವು. ಆ ಹೆಸರು ಅವಳನ್ನು ಕರೆಯಲು ಇಟ್ಟ ಹೆಸರು. ಸಂಜೆ ಕುದುರೆ ಹೊಡೆದುಕೊಂಡು ಬಾ ಎಂದು, ರೊಟ್ಟಿ ಆರುತ್ತದೆ ಬಾ ಎಂದು ಅವಳ ಮನೆಯವರು ಕೂಗಿದ ಹೆಸರು. ಅದನ್ನು ನಾವು ಘೋಷಣೆ ಮಾಡಿಕೊಂಡೆವು. ಆ ಫೋಟೋವನ್ನು ಬ್ಯಾನರ್ ಮಾಡಿಕೊಂಡೆವು. ನಮ್ಮ ಮನೆಯ ಹೆಣ್ಣುಮಗುವಿಗೆ ಅಂಥದ್ದೇನಾದರೂ ಆಗಿದ್ದರೆ ಅವಳ ಫೋಟೋವನ್ನು ಬಸ್ ಸ್ಟ್ಯಾಂಡಿನಲ್ಲಿ ಕಟ್ಟಲು ಒಪ್ಪುತ್ತಿದ್ದೆವೇ? ಬಡ ಅಲೆಮಾರಿಯ ಮಗು ಎಂಬ ಕಾರಣಕ್ಕಲ್ಲವೇ ನಮಗೆ ಅಷ್ಟು ಸಲುಗೆ ಬಂದದ್ದು? ಹೆಸರನ್ನು ಹೇಳುವ ಹಕ್ಕು ಅವಳ ತಾಯಿಗಿದೆ. ಹಾಡು ಕಟ್ಟುವ ನಮಗಿಲ್ಲ.

ಇನ್ನು "ನಮ್ಮ ಮಗು" ಎಂಬ ಮಾತು. ಆ ಹುಡುಗನ ಈ ಮಾತು ನಮ್ಮನ್ನು ಬಹಳ ದಿನ ಕಾಡಿತು. ನಮ್ಮ ಮಗು ಎಂದರೆ ಯಾವ ಮಗು?

ಅದೇ 2018ರ ಅದೇ ಜನವರಿಯಲ್ಲಿ ಇನ್ನೊಂದು ಮಗು ಸತ್ತಿತು. ಪಾಕಿಸ್ತಾನದ ಪಂಜಾಬಿನಲ್ಲಿ ಕಸೂರ್ ಎಂಬ ಪಟ್ಟಣವಿದೆ. ಸೂಫಿ ಕವಿ ಬುಲ್ಲೇ ಶಾಹರ ದರ್ಗಾ ಇರುವ ಊರು ಅದು. ಜನವರಿ 4ರಂದು ಅಲ್ಲಿ ಒಂದು ಪುಟ್ಟ ಹುಡುಗಿ ಕಾಣೆಯಾದಳು. 9ರಂದು ಕಸದ ರಾಶಿಯಲ್ಲಿ ಶವ ಸಿಕ್ಕಿತು. ಅವಳ ಮೇಲೂ ಅದೇ ಅತ್ಯಾಚಾರ, ಅದೇ ಕೊಲೆ. ಸಿಕ್ಕಿಬಿದ್ದವನು ನೆರೆಮನೆಯವನು, ಮಹಫಿಲ್‌ಗಳಲ್ಲಿ ನಾತ್ ಹಾಡುತ್ತಿದ್ದವನು ಎಂದು ಅಲ್ಲಿನ ಪತ್ರಿಕೆಗಳು ಬರೆದವು. ಅದಕ್ಕೂ ಹಿಂದೆ ಇನ್ನೂ ಹಲವು ಮಕ್ಕಳ ಮೇಲಿನ ದೌರ್ಜನ್ಯದಲ್ಲಿ ಅವನದೇ ಕೈ ಇತ್ತೆಂಬುದು ಡಿಎನ್‌ಎ ಪರೀಕ್ಷೆಯಿಂದ ಹೊರಬಂತು. ಅಕ್ಟೋಬರ್ 17ರಂದು ಲಾಹೋರಿನ ಜೈಲಿನಲ್ಲಿ ಅವನನ್ನು ಗಲ್ಲಿಗೇರಿಸಿದರು.

ಉರ್ದು ಓದುವ ನಮಗೆಲ್ಲ ಈ ಸುದ್ದಿ ಗೊತ್ತಿತ್ತು. ಕಠುವಾದ ಸುದ್ದಿ ದೊಡ್ಡದಾಗುವುದಕ್ಕೆ ಮೂರು ತಿಂಗಳು ಮುಂಚೆಯೇ ಗೊತ್ತಿತ್ತು. ನಮ್ಮ ಊರಿನಲ್ಲಿ ಒಂದೂ ಮೇಣದಬತ್ತಿ ಹತ್ತಲಿಲ್ಲ. ನಾವೂ ಒಂದು ಸಾಲು ಬರೆಯಲಿಲ್ಲ. ಯಾಕೆ? ಅದು ಬೇರೆ ದೇಶ ಎನ್ನಬಹುದು. ಫೆಲೆಸ್ತೀನ್ ಕೂಡ ಬೇರೆ ದೇಶವೇ, ಅಲ್ಲಿನ ಮಕ್ಕಳಿಗೆ ಹಾಡು ಬರೆಯುತ್ತೇವೆ, ಬರೆಯಲೂಬೇಕು. ನಿಜವಾದ ಕಾರಣ ಬೇರೆ. ಕಠುವಾದಲ್ಲಿ ಕೊಂದವರು ಬೇರೆಯವರು, ಕಸೂರಿನಲ್ಲಿ ಕೊಂದವನು ನಮ್ಮವನು. ಒಂದು ಹಾಡು ಹಾಡಿದರೆ ಬೆರಳು ಆಚೆ ತೋರಿಸುತ್ತದೆ, ಇನ್ನೊಂದು ಹಾಡಿದರೆ ಈಚೆ ತಿರುಗುತ್ತದೆ. ಹಾಗಾದರೆ ನಾವು ಅತ್ತದ್ದು ಮಗುವಿಗಾಗಿಯೋ, ಬೆರಳಿಗಾಗಿಯೋ?

ಕಠುವಾದಲ್ಲಿ ಧರ್ಮದ ದ್ವೇಷ ಇರಲಿಲ್ಲ ಎಂದು ನಾವು ಹೇಳುತ್ತಿಲ್ಲ. ಇತ್ತು, ಅದನ್ನು ಮುಚ್ಚುವವರೂ ಸುಳ್ಳುಗಾರರೇ. ಆದರೆ ಆ ತನಿಖೆಯ ಮುಂದಾಳಾಗಿದ್ದ ರಮೇಶ್ ಕುಮಾರ್ ಜಲ್ಲಾ ಕಾಶ್ಮೀರಿ ಪಂಡಿತರು. ಮನೆಯವರ ಪರವಾಗಿ ನಿಂತು ಬೆದರಿಕೆ ಎದುರಿಸಿದ ವಕೀಲೆ ದೀಪಿಕಾ ಸಿಂಗ್ ರಾಜಾವತ್ ಕೂಡ ನಮ್ಮ ಜಮಾತಿನವರಲ್ಲ. ನಮ್ಮ ಆವತ್ತಿನ ಹಾಡಿನಲ್ಲಿ ಇವರಿಗೆ ಜಾಗ ಇರಲಿಲ್ಲ. ಇದ್ದಿದ್ದರೆ ಹಾಡಿನ ಬಿಸಿ ಕಡಿಮೆಯಾಗುತ್ತಿತ್ತು ಎಂದು ನಮ್ಮ ಕೈಗೇ ಗೊತ್ತಿತ್ತು.

ಈಗ ಬರೆಯಲು ಕಷ್ಟವಾದ ಮಾತಿಗೆ ಬರುತ್ತಿದ್ದೇವೆ.

ನಾವು ಉರ್ದು ಶಾಲೆಯಲ್ಲಿ ಐದನೇ ಇಯತ್ತೆ ಓದುವಾಗ ನಮ್ಮ ಜೊತೆ ಒಬ್ಬ ಹುಡುಗ ಇದ್ದ. ತಂದೆತಾಯಿ ಇಲ್ಲದವನು, ದೂರದ ಸಂಬಂಧಿಯೊಬ್ಬರ ಮನೆಯಲ್ಲಿ ಬೆಳೆಯುತ್ತಿದ್ದ. ಅವನ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಗೋಡೆಗೆ ಒರಗಿ ಕೂರುತ್ತಿರಲಿಲ್ಲ, ಬೆನ್ನು ನೋಯುತ್ತದೆ ಎನ್ನುತ್ತಿದ್ದ. ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ, ರಾತ್ರಿ ಆಗುವುದೇ ಬೇಡ ಅನ್ನಿಸುತ್ತದೆ ಎಂದು ಹೇಳಿ, ಏಕೆಂಬುದನ್ನೂ ಅರ್ಧ ಹೇಳಿದ. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿದ. ನಾವು ಆಣೆ ಮುರಿದು ಮನೆಯಲ್ಲಿ ಅಮ್ಮಿಗೆ ಹೇಳಿದೆವು. ಅಮ್ಮಿ ಕೆಟ್ಟವರಲ್ಲ. ಆದರೆ ಆ ಸಂಬಂಧಿಕರು ಮಸೀದಿಯ ಮೊದಲ ಸಾಲಿನವರು, ಚಂದಾ ಕೊಡುವವರು, ನಮ್ಮ ಅಬ್ಬಾಗೆ ಎರಡು ಸಲ ಸಾಲ ಕೊಟ್ಟವರು. "ಆ ಮನೆ ಮಾತು ನಮಗ್ಯಾಕೆ? ಬಾಯಿ ಮುಚ್ಚಿಕೊಂಡಿರು" ಎಂದರು. ನಾವು ಮುಚ್ಚಿಕೊಂಡೆವು.

ಅದಾದ ಕೆಲವೇ ತಿಂಗಳಿಗೆ ಅವನು ಊರಾಚೆಯ ಬಾವಿಯಲ್ಲಿ ಸಿಕ್ಕಿದ. ಆಡುವಾಗ ಕಾಲು ಜಾರಿತು ಎಂದರು. ಮಗುವಿನ ಮೈ ಕೊಯ್ಯಿಸುವುದು ಬೇಡ ಎಂದು ಹಿರಿಯರು ಸೇರಿ ತೀರ್ಮಾನಿಸಿದರು. ಗುಸ್ಲ್ ಮಾಡಿಸಿದವರು ಅವನ ಬೆನ್ನನ್ನು ನೋಡಿರಲೇಬೇಕು. ಅವರೂ ಏನೂ ಹೇಳಲಿಲ್ಲ. ಮೂರನೇ ದಿನ ಆ ಮನೆಯ ಮುಂದೆ ಎಲ್ಲರೂ ಸೇರಿದಾಗ ಊರಿನ ಶಾಯರ್ ಒಬ್ಬರು ಅವನ ಮೇಲೆ ಒಂದು ಮರ್ಸಿಯಾ ಬರೆದು ತಂದು ಓದಿದರು. ಯತೀಮ ಮಗು ಜನ್ನತ್ತಿನ ಹಕ್ಕಿಯಾಯಿತು, ತಾಯಿಯ ಮಡಿಲು ಸೇರಿತು ಎಂದಿತ್ತು ಅದರಲ್ಲಿ. ಅಷ್ಟು ಚೆನ್ನಾಗಿತ್ತು ಎಂದರೆ ಗಂಡಸರೂ ಬಿಕ್ಕಿ ಬಿಕ್ಕಿ ಅತ್ತರು. ಆ ಸಂಬಂಧಿಯೂ ಅತ್ತರು. ಪರದೆಯ ಹಿಂದೆ ಅಮ್ಮಿಯ ಪಕ್ಕ ಕೂತು ನಾವೂ ಅತ್ತೆವು. ಅತ್ತು ಮುಗಿದ ಮೇಲೆ ಯಾರೂ ಏನನ್ನೂ ಕೇಳಲಿಲ್ಲ. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ, ಮಗು ಹಕ್ಕಿಯಾಗಿ ಆಗಿತ್ತಲ್ಲ.

ಅವನ ಮೇಲೆ ಮಣ್ಣು ಎರಡು ಸಲ ಬಿತ್ತು. ಖಬರಸ್ತಾನಿನಲ್ಲಿ ಒಂದು ಸಲ, ಆ ಹಾಡಿನಲ್ಲಿ ಇನ್ನೊಂದು ಸಲ. ಆ ಶಾಯರ್ ಕೇಡು ಬಯಸಿದವರಲ್ಲ. ಸಂತೈಸಲು ಬರೆದರು. ಆದರೆ ಕೇಳಬೇಕಾದದ್ದನ್ನು ಕೇಳುವ ಮುಂಚೆ ಸಂತೈಸಿದ ಹಾಡು ಅಪರಾಧಿಗೆ ಮಾಡಿದ ಉಪಕಾರವಾಗುತ್ತದೆ. ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಈ ಒಂದೇ ಮಾತು.

ನಾವು 2018ರಲ್ಲಿ ಬರೆದ ಹಾಡಿನಲ್ಲೂ ಅದೇ ಹಕ್ಕಿ ಇತ್ತು. ಎಲ್ಲಿಂದ ಹಾರಿ ಬಂತೆಂದು ಈಗ ಗೊತ್ತಾಗುತ್ತದೆ.

ಸತ್ತ ಮಗು ಸ್ವರ್ಗದಲ್ಲಿದೆ ಎಂಬ ನಂಬಿಕೆ ತಪ್ಪಲ್ಲ, ಅದು ಹೆತ್ತವರಿಗೆ ಬೇಕು. ಅದು ಅವರ ಏಕಾಂತದ ಮಾತು. ಊರು ಆ ಮಾತನ್ನು ತನ್ನ ಅನುಕೂಲಕ್ಕೆ ಬಳಸಬಾರದು. ಪ್ರವಾದಿಯವರ ಮಗ ಇಬ್ರಾಹೀಮ್ ಎರಡು ವರ್ಷ ತುಂಬುವ ಮುನ್ನವೇ ತೀರಿಕೊಂಡಾಗ ಅವರು ಕಣ್ಣೀರು ಹಾಕಿದರು. ಆ ದಿನ ಸೂರ್ಯಗ್ರಹಣವಾಯಿತು. ಪ್ರವಾದಿಯ ಮಗ ಸತ್ತದ್ದಕ್ಕೇ ಸೂರ್ಯ ಕಪ್ಪಾದ ಎಂದು ಜನ ಮಾತಾಡಿಕೊಂಡರು. ಕವಿಗಳಾದ ನಮಗೆ ಇದಕ್ಕಿಂತ ಒಳ್ಳೆಯ ಉಪಮೆ ಎಲ್ಲಿ ಸಿಗುತ್ತದೆ? ಆದರೆ ಮಗನನ್ನು ಕಳೆದುಕೊಂಡ ತಂದೆಯೇ ಎದ್ದು ನಿಂತು ಅದನ್ನು ಅಲ್ಲಗಳೆದರು. ಸೂರ್ಯನಿಗೂ ಚಂದ್ರನಿಗೂ ಯಾರ ಹುಟ್ಟು ಸಾವಿನಿಂದಲೂ ಗ್ರಹಣ ಹಿಡಿಯುವುದಿಲ್ಲ ಎಂದರು. ಸ್ವಂತ ಮಗುವಿನ ಸಾವಿನಲ್ಲೂ ಸುಳ್ಳನ್ನು ಒಪ್ಪಿಕೊಳ್ಳದ ಆ ಎಚ್ಚರ ನಮ್ಮ ಹಾಡುಗಳಿಗೆ ಏಕಿಲ್ಲ? ಕೊಂದವನನ್ನು ಬಿಟ್ಟು ಚಂದ್ರನಿಗೇಕೆ ಗ್ರಹಣ ಹಿಡಿಸುತ್ತೇವೆ?

ಹಾಗಾದರೆ ಮಗುವಿಗೆ ಹಾಡೇ ಬೇಡವೇ? ಬೇಕು. ಹೇಗೆ ಹಾಡಬೇಕೆಂದು ನಮ್ಮ ಹಿಂದಿನವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ನಮ್ಮ ಸೀಮೆಯಲ್ಲೂ ಉತ್ತರ ಕರ್ನಾಟಕದಲ್ಲೂ ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ರಿವಾಯತ್ ಪದ ಹಾಡುತ್ತಾರೆ. ಕನ್ನಡದಲ್ಲೇ ಹಾಡುತ್ತಾರೆ, ಹಿಂದೂ ಮುಸ್ಲಿಮರಿಬ್ಬರೂ ಹಾಡುತ್ತಾರೆ. ಲಕ್ನೋದಲ್ಲಿ ಮೀರ್ ಅನೀಸ್, ಮಿರ್ಜಾ ದಬೀರ್ ಬರೆದ ಮರ್ಸಿಯಾಗಳ ಕತೆಯೂ, ನಮ್ಮ ಹಳ್ಳಿಯ ರಿವಾಯತಿನ ಕತೆಯೂ ಒಂದೇ, ಕರ್ಬಲಾ. ಅಲ್ಲಿ ಆರು ತಿಂಗಳ ಅಲಿ ಅಸ್ಗರ್ ಎಂಬ ಕೂಸಿದೆ. ನೀರಡಿಸಿದ ಆ ಕೂಸಿನ ಕೊರಳಿಗೆ ಬಾಣ ಬೀಳುತ್ತದೆ. ಈ ಹಾಡುಗಳು ಕೂಸಿಗಾಗಿ ಅಳುತ್ತವೆ, ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ನದಿ ಎಷ್ಟು ಹತ್ತಿರದಲ್ಲಿತ್ತು, ನೀರನ್ನು ತಡೆದವರು ಯಾರು, ಬಾಣ ಬಿಟ್ಟವನ ಹೆಸರೇನು, ಆಜ್ಞೆ ಕೊಟ್ಟವನು ಯಾರು, ಕಾಗದ ಬರೆದು ಕರೆಸಿಕೊಂಡು ಕೈಬಿಟ್ಟ ಊರು ಯಾವುದು, ಎಲ್ಲವನ್ನೂ ಹೇಳುತ್ತವೆ. 1,300 ವರ್ಷ ಕಳೆದರೂ ಆ ಲೆಕ್ಕ ಮುಚ್ಚಿಲ್ಲ. ಇನ್ನೊಂದು ಮಾತು. ಆ ಕೂಸನ್ನು ಕೊಂದವರು ಬೇರೆ ಧರ್ಮದವರಲ್ಲ. ಅದೇ ಕಿಬ್ಲಾದ ಕಡೆ ಮುಖ ಮಾಡಿ ಅದೇ ನಮಾಜು ಮಾಡುತ್ತಿದ್ದವರು. ಹಾಗೆಂದು ಯಾವ ಶಾಯರೂ ಅವರನ್ನು ಬಿಟ್ಟು ಹಾಡಲಿಲ್ಲ. ನಮ್ಮವರ ಮಾತು ಹೊರಗೆ ಬೇಡ ಎಂದು ಅನೀಸರು ಅಂದುಕೊಂಡಿದ್ದರೆ ಮರ್ಸಿಯಾ ಎಂಬುದೇ ಇರುತ್ತಿರಲಿಲ್ಲ.

ಕನ್ನಡದ 'ಕೆರೆಗೆ ಹಾರ'ವನ್ನೇ ನೋಡಿ. ನಾವು ಅದನ್ನು ತ್ಯಾಗದ ಹಾಡೆಂದು ಶಾಲೆಯಲ್ಲಿ ಕಲಿತೆವು. ದೊಡ್ಡವರಾದ ಮೇಲೆ ಓದಿದರೆ ಅದು ಬೇರೆಯೇ ಆಗಿ ಕಾಣುತ್ತದೆ. ಕೆರೆಗೆ ತನ್ನನ್ನು ಬಲಿ ಕೊಡುತ್ತಾರೆಂದು ತಿಳಿದ ಭಾಗೀರಥಿ ತವರಿಗೆ ಓಡುತ್ತಾಳೆ. ಅಪ್ಪ ಅವ್ವನ ಮುಂದೆ ನಿಜ ಹೇಳಲು ಅವಳಿಗೆ ಬಾಯಿ ಬರುವುದಿಲ್ಲ, ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದು ಬೇರೇನೋ ಹೇಳುತ್ತಾಳೆ. ಅವರು ಹೊಲ, ಒಡವೆ ಕೊಡುತ್ತೇವೆ ಎನ್ನುತ್ತಾರೆ. ನಿಜ ಹೇಳುವುದು ಗೆಳತಿಗೆ ಮಾತ್ರ. ಗೆಳತಿಯೋ, ಬಂದದ್ದನ್ನು ಸಹಿಸಿಕೋ ಎನ್ನುತ್ತಾಳೆ. ದೌರ್ಜನ್ಯಕ್ಕೆ ಸಿಕ್ಕ ಮಕ್ಕಳು ಇವತ್ತಿಗೂ ಹೀಗೆಯೇ. ಅಪ್ಪ ಅಮ್ಮನ ಮುಂದೆ ಹೊಟ್ಟೆನೋವು ಎನ್ನುತ್ತವೆ, ಶಾಲೆ ಬೇಡ ಎನ್ನುತ್ತವೆ. ನಿಜ ಹೇಳಿದರೆ ಪಕ್ಕದಲ್ಲಿ ಕೂತ ಇನ್ನೊಂದು ಮಗುವಿಗೆ ಹೇಳುತ್ತವೆ. ಹೆಸರಿಲ್ಲದ ಆ ಹಳ್ಳಿಯ ಹೆಣ್ಣುಮಕ್ಕಳು ಇದನ್ನು ಹಾಡಿನಲ್ಲಿ ಕಾಪಿಟ್ಟರು. ಯಾರು ಕೇಳಿದರು, ಯಾರು ಏನು ಹೇಳಿದರು, ಯಾರು ಸುಮ್ಮನಾದರು ಎಂಬುದನ್ನು ಒಂದೂ ಬಿಡದೆ ಇಟ್ಟರು. ಆ ಗೆಳತಿಯ ಜಾಗದಲ್ಲಿ ನಾವು ನಮ್ಮನ್ನು ಕಂಡುಕೊಂಡೆವು.

ಇಷ್ಟು ಹೇಳಿದ ಕೂಡಲೇ ಒಂದು ಆಕ್ಷೇಪ ಬರುತ್ತದೆಂದು ಗೊತ್ತು. "ಕಾಲ ಕೆಟ್ಟಿದೆ. ಹೊರಗಿನವರು ನಮ್ಮ ಮೇಲೆ ಕೋಲು ಹಿಡಿದು ನಿಂತಿದ್ದಾರೆ. ಇಂಥ ಹೊತ್ತಿನಲ್ಲಿ ನಮ್ಮ ಓಣಿಯ ಕೊಳಕನ್ನು ನಾವೇ ಬೀದಿಗೆ ಎಳೆಯಬೇಕೇ?" ಕೋಲು ಹಿಡಿದವರು ಇರುವುದು ನಿಜ. ಆದರೆ ಆ ಮಾತನ್ನು ಬಾವಿಯ ದಂಡೆಯಲ್ಲಿ ನಿಂತಿರುವ ಮಗುವಿಗೆ ಹೇಳಿ ನೋಡೋಣ. ಕಾಲ ಸರಿಯಾಗುವವರೆಗೆ ತಾಳಿಕೋ ಎನ್ನುತ್ತೇವೆಯೇ? ಕಠುವಾದ ಆ ವಕೀಲರು ಹೇಳಿದ್ದೂ ಇದನ್ನೇ ಅಲ್ಲವೇ, ನಮ್ಮವರ ಮರ್ಯಾದೆ ಎಂದು? ಮೊದಲ ಸಾಲಿನಲ್ಲಿ ನಮಾಜಿಗೆ ನಿಲ್ಲುವವರ ಇಜ್ಜತ್ತನ್ನು ನಾವು ಕಾಯುವುದಕ್ಕೂ ಅವರು ಮಾಡಿದ್ದಕ್ಕೂ ಅಳತೆಯಲ್ಲಿ ವ್ಯತ್ಯಾಸವಿರಬಹುದು, ಜಾತಿಯಲ್ಲಿ ಇಲ್ಲ.

ಇದು ಒಂದು ಧರ್ಮದ ರೋಗವೂ ಅಲ್ಲ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಒಂದು ಅಧ್ಯಯನ ಪ್ರಕಟಿಸಿತ್ತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ಮಾಡಿದ್ದು. ಅದರಲ್ಲಿ ಶೇಕಡಾ 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾದದ್ದನ್ನು ಹೇಳಿಕೊಂಡಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡುಮಕ್ಕಳು. ಹೆಚ್ಚಿನ ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ. ಪೋಕ್ಸೊ ಅಡಿಯಲ್ಲಿ ದಾಖಲಾಗುವ ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಕಡೆ ಆರೋಪಿ ಮಗುವಿಗೆ ಗೊತ್ತಿರುವವನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷ ವರ್ಷವೂ ಲೆಕ್ಕ ಕೊಡುತ್ತದೆ. ಮನೆಯವನು, ನೆಂಟ, ನೆರೆಯವನು, ಮೇಷ್ಟ್ರು, ಉಸ್ತಾದ, ಮಾಲೀಕ. ನಮ್ಮ ಹಾಡುಗಳಲ್ಲಿ ಮಾತ್ರ ಅವನು ಯಾವಾಗಲೂ ಕಾಡಿನಿಂದ ಬರುವ ತೋಳ.

ಇನ್ನೊಂದು ಆಕ್ಷೇಪ ಸಾಹಿತ್ಯದವರದು. ಹಾಡು ಹಾಡಾಗಿರಲಿ, ಅದಕ್ಕೆ ಕೋರ್ಟು ಕಚೇರಿ ಏಕೆ, ಮನಸ್ಸಿಗೆ ತಂಪು ಕೊಟ್ಟರೆ ಸಾಲದೇ ಎನ್ನುತ್ತಾರೆ. ಹಿಂದಿಯ ನಿರಾಲಾ 1935ರಲ್ಲಿ ತೀರಿಕೊಂಡ ತಮ್ಮ ಮಗಳ ನೆನಪಿಗೆ 'ಸರೋಜ್ ಸ್ಮೃತಿ' ಬರೆದರು. ಆ ಮಗಳು ಸತ್ತದ್ದು ಕಾಯಿಲೆಯಿಂದ, ಯಾರ ಕೈಯಿಂದಲೂ ಅಲ್ಲ. ಆದರೂ ಆ ತಂದೆ ಮಗಳಿಗೆ ತಾನು ಏನೂ ಮಾಡಲಿಲ್ಲ ಎಂದು ತನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಂಡರು. ತಪ್ಪಿಲ್ಲದವರೇ ಅಷ್ಟು ಲೆಕ್ಕ ಒಪ್ಪಿಸಿದ ಮೇಲೆ, ತಪ್ಪು ಮಾಡಿದ ಊರು ತಂಪು ಕೇಳುವುದು ನ್ಯಾಯವೇ? ಜೀವಂತ ಹೂಳಲ್ಪಟ್ಟ ಹೆಣ್ಣುಮಗುವನ್ನು ಯಾವ ತಪ್ಪಿಗಾಗಿ ನಿನ್ನನ್ನು ಕೊಂದರು ಎಂದು ಕೇಳಲಾಗುವ ದಿನವೊಂದನ್ನು ಕುರ್‌ಆನಿನ ತಕ್ವೀರ್ ಅಧ್ಯಾಯ ಹೇಳುತ್ತದೆ. ಪ್ರಶ್ನೆ ಹೋಗುವುದು ಕೊಂದವನ ಕಡೆಗಲ್ಲ, ಮಗುವಿನ ಕಡೆಗೆ. ಅವತ್ತು ಮಗುವೇ ಸಾಕ್ಷಿ. ಆ ಬಾಯಿಗೆ ಹೂ ತುಂಬುವ ಹಕ್ಕು ನಮಗೆ ಯಾರು ಕೊಟ್ಟರು?

ಆ ಹುಡುಗರು ಹೋದ ಮೇಲೆ ನಾವು ಒಂದು ಹಾಡು ಬರೆದೆವು. ಅದರಲ್ಲಿ ಯಾವ ಮಗುವಿನ ಹೆಸರೂ ಇಲ್ಲ, ಮೊಗ್ಗಿಲ್ಲ, ಹಕ್ಕಿಯಿಲ್ಲ. ರಿವಾಯತಿನ ಹಾಗೆ ಒಬ್ಬರು ಕೇಳಿದರೆ ಉಳಿದವರು ದನಿಗೂಡಿಸಬೇಕು. ಮೊದಲ ನುಡಿ ಇಷ್ಟು:

ಅಳು ಕೇಳಿದ ಕಿವಿ ಎಷ್ಟು, ನಮ್ಮ ಓಣಿಯಲಿ
ಕೇಳಿ ಕದವ ಹಾಕಿದ ಮನೆ ಎಷ್ಟು, ನಮ್ಮ ಓಣಿಯಲಿ
ಸುಮ್ಮನಿರು ಎಂದ ಬಾಯಿ ಎಷ್ಟು, ನಮ್ಮ ಓಣಿಯಲಿ
ಮಣ್ಣು ಹಾಕಿ ಅತ್ತ ಕಣ್ಣು ಎಷ್ಟು, ನಮ್ಮ ಓಣಿಯಲಿ

ಕೊನೆಯ ನುಡಿಯಲ್ಲಿ 1098 ಎಂಬ ಸಂಖ್ಯೆ ಬರುತ್ತದೆ. ಅದು ಮಕ್ಕಳ ಸಹಾಯವಾಣಿ, ಯಾವ ಮಗುವೂ, ಮಗುವಿನ ಪರವಾಗಿ ಯಾರೂ, ಕಾಸಿಲ್ಲದೆ ಕರೆ ಮಾಡಬಹುದು. ಹಾಡಿನಲ್ಲಿ ಫೋನ್ ನಂಬರು ಚೆನ್ನಾಗಿ ಕೇಳಿಸುವುದಿಲ್ಲ ಎನ್ನುವವರು ಎನ್ನಲಿ. ಮಗುವಿನ ಮೇಲೆ ದೌರ್ಜನ್ಯ ನಡೆದಿದೆ ಎಂದು ತಿಳಿದೂ ತಿಳಿಸದವರಿಗೆ ಪೋಕ್ಸೊ ಕಾಯ್ದೆಯ 21ನೇ ಸೆಕ್ಷನ್ ಆರು ತಿಂಗಳವರೆಗೆ ಶಿಕ್ಷೆ ಇಟ್ಟಿದೆ ಎಂಬುದನ್ನು ಹಾಡು ಮುಗಿದ ಮೇಲೆ ವೇದಿಕೆಯಲ್ಲಿ ಹೇಳಬೇಕೆಂದು ಕಾಗದದ ಕೆಳಗೆ ಬರೆದಿದ್ದೇವೆ. ನಮ್ಮ ಅಮ್ಮಿಯ ಕಾಲದಲ್ಲಿ ಆ ಕಾನೂನು ಇರಲಿಲ್ಲ. ನಮ್ಮ ಕಾಲದಲ್ಲಿ ಇದೆ. ನಮಗೆ ಆ ನೆಪವೂ ಇಲ್ಲ.

ಹುಡುಗರನ್ನು ಕರೆಸಿ ಕಾಗದ ಕೊಟ್ಟೆವು. ಬಾಗಿಲಲ್ಲಿ ಪ್ರಶ್ನೆ ಕೇಳಿದ್ದ ಹುಡುಗ ನಿಂತುಕೊಂಡೇ ಎರಡು ಸಲ ಓದಿದ. ನಂತರ, "ಆಪಾ, ಇದು ಕಠುವಾದ ಮಗುವಿನ ಹಾಡಲ್ಲವಲ್ಲ. ಇದನ್ನು ನಮ್ಮ ಮೊಹಲ್ಲಾದಲ್ಲಿ ಹಾಡಿದರೆ ಮೊದಲ ಸಾಲಿನಲ್ಲಿ ಕೂತವರು ಎದ್ದು ಹೋಗುತ್ತಾರೆ" ಎಂದ.

ಎದ್ದು ಹೋಗುವವರು ಯಾರು ಯಾರು ಎಂದು ನೋಡಿಕೊಂಡಿರಿ ಎಂದೆವು.